ಪ್ರಾಣವಾಯುವಿನ ಪ್ರಮಾಣ



2021ರ ಬೇಸಿಗೆಯ ನಂತರ ನಮ್ಮವರ ಮನೆಗಳಿಗೆ ಎರಡು ಹೊಸ ವಸ್ತುಗಳು ಬಂದು ಸೇರಿಕೊಂಡಿವೆ. ಒಂದು, ಬೆರಳಿನ ತುದಿಗೆ ಸಿಕ್ಕಿಸಿಕೊಳ್ಳುವ ಆಕ್ಸಿಮೀಟರ್. ಇನ್ನೊಂದು ಎಲ್ಲರ ಮನೆಯಲ್ಲಿ ಇಲ್ಲದಿದ್ದರೂ, ಶ್ವಾಸಕೋಶದ ಕಾಯಿಲೆಯಿರುವ ಹಿರಿಯರ ಮನೆಗಳಲ್ಲಿ ಮೂಲೆಯೊಂದರಲ್ಲಿ ಗುಂಯ್‌ಗುಡುತ್ತ ಕುಳಿತಿರುವ ಆಕ್ಸಿಜನ್ ಕಾನ್ಸನ್‌ಟ್ರೇಟರ್. ಇವುಗಳ ಜೊತೆಗೆ ಪ್ರಶ್ನೆಗಳೂ ಬಂದಿವೆ. "ಅಪ್ಪನಿಗೆ ಏದುಸಿರು ಹೆಚ್ಚಾದರೆ ಗುಂಡಿಯನ್ನು ಇನ್ನಷ್ಟು ತಿರುಗಿಸಬಹುದಲ್ಲವೆ ಸಾರ್?" "ಆಕ್ಸಿಮೀಟರಿನಲ್ಲಿ 97 ತೋರಿಸುತ್ತಿದೆ, ಆದರೂ ಅಜ್ಜಿ ಮಂಪರಿನಲ್ಲಿಯೇ ಇರುವುದೇಕೆ?" ಇವು ದೂರವಾಣಿಯಲ್ಲಿ ನನ್ನನ್ನು ಕೇಳಲಾದ ಪ್ರಶ್ನೆಗಳು. ನಾನು ವೈದ್ಯನಲ್ಲ, ವಿಜ್ಞಾನ ಪಾಠ ಹೇಳಿದವನು. ಚಿಕಿತ್ಸೆಯ ಮಾತನ್ನು ವೈದ್ಯರೇ ಹೇಳಬೇಕು. ಆದರೆ ಈ ಎರಡು ಪ್ರಶ್ನೆಗಳ ಹಿಂದೆ ಸುಮಾರು ಇನ್ನೂರೈವತ್ತು ವರ್ಷಗಳ ಇತಿಹಾಸವಿದೆ. ಆ ಇತಿಹಾಸವನ್ನು ತಿಳಿದವರು ಗುಂಡಿಯನ್ನು ತಿರುಗಿಸುವ ಮೊದಲು ಒಂದು ಕ್ಷಣ ಯೋಚಿಸುತ್ತಾರೆ ಎಂಬ ನಂಬಿಕೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಹೆಸರಿನಲ್ಲಿರುವ ತಪ್ಪು

'ಆಮ್ಲಜನಕ' ಎಂಬ ನಮ್ಮ ಪಠ್ಯಪುಸ್ತಕದ ಪದವನ್ನು ಬಿಡಿಸಿ ನೋಡಿ. ಆಮ್ಲವನ್ನು ಹುಟ್ಟಿಸುವುದು ಎಂದು ಅದರ ಅರ್ಥ. ಇದು ಫ್ರಾನ್ಸಿನ ಮಹಾ ರಸಾಯನ ವಿಜ್ಞಾನಿ ಆಂಟ್ವಾನ್ ಲವಾಸಿಯೆ ಗ್ರೀಕ್ ಧಾತುಗಳಿಂದ ಕಟ್ಟಿದ 'ಆಕ್ಸಿಜನ್' ಎಂಬ ಪದದ ನೇರ ರೂಪಾಂತರ. ಎಲ್ಲ ಆಮ್ಲಗಳಲ್ಲಿಯೂ ಈ ಅನಿಲ ಇದ್ದೇ ಇರುತ್ತದೆ ಎಂದು ಆತ ನಂಬಿದ್ದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕದ ಸುಳಿವೇ ಇಲ್ಲವೆಂದು ಇಂಗ್ಲೆಂಡಿನ ಹಂಫ್ರಿ ಡೇವಿ 1810ರ ಸುಮಾರಿಗೆ ತೋರಿಸಿದ. ಅಷ್ಟರಲ್ಲಿ ಹೆಸರು ನೆಲೆಯೂರಿಬಿಟ್ಟಿತ್ತು. ನಮ್ಮ ಹಿರಿಯರು ಬಳಸುತ್ತಿದ್ದ 'ಪ್ರಾಣವಾಯು' ಎಂಬ ಪದವೇ ಈ ದೃಷ್ಟಿಯಿಂದ ಹೆಚ್ಚು ಸಮರ್ಪಕವೆನಿಸುತ್ತದೆ. ಆದರೆ ಅದರಲ್ಲಿಯೂ ಒಂದು ಅಪಾಯವಿದೆ. ಪ್ರಾಣವಾಯು ಎಂದೊಡನೆ 'ಎಷ್ಟು ಹೆಚ್ಚಾದರೆ ಅಷ್ಟು ಒಳ್ಳೆಯದು' ಎಂಬ ಭಾವನೆ ಮನಸ್ಸಿನಲ್ಲಿ ಮೂಡಿಬಿಡುತ್ತದೆ.

ಈ ಅನಿಲವನ್ನು ಬೇರ್ಪಡಿಸಿದವರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಮೊದಲಿಗ. ಆದರೆ ಆತನ ಗ್ರಂಥ ಪ್ರಕಟವಾದದ್ದು 1777ರಲ್ಲಿ. ಅದಕ್ಕೆ ಮೊದಲೇ, 1774ರ ಆಗಸ್ಟ್ 1ರಂದು, ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ದೊಡ್ಡ ಭೂತಗನ್ನಡಿಯಿಂದ ಸೂರ್ಯನ ಬಿಸಿಲನ್ನು ಪಾದರಸದ ಕೆಂಪು ಭಸ್ಮದ ಮೇಲೆ ಹಾಯಿಸಿ ಇದೇ ಅನಿಲವನ್ನು ಪಡೆದಿದ್ದ. ಅದರಲ್ಲಿ ಮೇಣದ ಬತ್ತಿ ಪ್ರಜ್ವಲಿಸಿ ಉರಿಯಿತು. ಅದನ್ನು ತುಂಬಿದ ಪಾತ್ರೆಯೊಳಗೆ ಇಲಿಯೊಂದು, ಸಾಮಾನ್ಯ ಗಾಳಿಯಲ್ಲಿ ಬದುಕಬಹುದಾದುದಕ್ಕಿಂತ ಹೆಚ್ಚು ಹೊತ್ತು ಬದುಕಿತು. ಪ್ರೀಸ್ಟ್ಲಿ ತಾನೂ ಸೇದಿ ನೋಡಿದ. ಎದೆ ಹಗುರವಾದಂತೆ ಅನಿಸಿತು. ಇದು ಮುಂದೆ ಔಷಧವಾಗಬಹುದೆಂದು ಆತ ಊಹಿಸಿದ. ಅದೇ ಉಸಿರಿನಲ್ಲಿ ಇನ್ನೊಂದು ಅನುಮಾನವನ್ನೂ ದಾಖಲಿಸಿದ: ಇದರಲ್ಲಿ ಬತ್ತಿ ಬೇಗ ಉರಿದು ಮುಗಿಯುವಂತೆ, ಆರೋಗ್ಯವಂತ ಮನುಷ್ಯನ ಜೀವವೂ ಬೇಗ ಉರಿದು ಮುಗಿಯಬಹುದೇನೋ! ಆಮ್ಲಜನಕ ಚಿಕಿತ್ಸೆಯ ಮುಂದಿನ ಕಥೆಯೆಲ್ಲವೂ ಈ ಎರಡು ಊಹೆಗಳ ನಡುವೆಯೇ ನಡೆದಿದೆ.

ಸುಣ್ಣದ ತಿಳಿನೀರಿನ ಸಾಕ್ಷಿ

ಇದಕ್ಕೂ ಇಪ್ಪತ್ತು ವರ್ಷ ಮುಂಚೆ, 1750ರ ದಶಕದಲ್ಲಿ, ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಇನ್ನೊಂದು ಅನಿಲವನ್ನು ಗುರುತಿಸಿದ್ದ. ಅದೇ ನಾವು ಇಂದು ಇಂಗಾಲದ ಡೈಆಕ್ಸೈಡ್ ಎನ್ನುವ ಅನಿಲ. ನಾವು ಹೊರಬಿಡುವ ಉಸಿರಿನಲ್ಲಿ ಅದು ಇದೆಯೆಂಬುದನ್ನು ಆತ ಸುಣ್ಣದ ತಿಳಿನೀರಿನಿಂದ ತೋರಿಸಿದ. ಗಾಜಿನ ಕೊಳವೆಯಿಂದ ಸುಣ್ಣದ ತಿಳಿನೀರಿಗೆ ಊದಿ, ಅದು ಹಾಲಿನಂತೆ ಬೆಳ್ಳಗಾಗುವುದನ್ನು ಕಂಡು ನೀವೆಲ್ಲ ನಕ್ಕವರೇ ಅಲ್ಲವೆ? ಆ ಪ್ರಯೋಗದ ಮೂಲ ಅಲ್ಲಿದೆ.

ನಾವು ಒಳಗೆಳೆದುಕೊಳ್ಳುವ ಗಾಳಿಯಲ್ಲಿ ನೂರಕ್ಕೆ ಸುಮಾರು 21 ಭಾಗ ಆಮ್ಲಜನಕ. ಹೊರಬಿಡುವ ಉಸಿರಿನಲ್ಲಿ ಅದು ಸುಮಾರು 16 ಭಾಗಕ್ಕೆ ಇಳಿದಿರುತ್ತದೆ. ಒಳಬರುವ ಗಾಳಿಯಲ್ಲಿ ಬಹು ಅಲ್ಪವಾಗಿದ್ದ ಇಂಗಾಲದ ಡೈಆಕ್ಸೈಡ್ ಹೊರಹೋಗುವಾಗ ಸುಮಾರು 4 ಭಾಗವಾಗಿರುತ್ತದೆ. ಎಂದರೆ ಉಸಿರಿಗೆ ಎರಡು ಕೆಲಸಗಳು: ಬೇಕಾದುದನ್ನು ತರುವುದು, ಬೇಡವಾದುದನ್ನು ಒಯ್ಯುವುದು. ಇದನ್ನು ಪರೀಕ್ಷೆಯಲ್ಲಿ ಎರಡು ಅಂಕಗಳಿಗಾಗಿ ಎಲ್ಲರೂ ಬರೆದಿದ್ದೀರಿ. ಆದರೆ ಈ ಸರಳ ಸಂಗತಿಯ ಎರಡನೆಯ ಅರ್ಧವನ್ನು ರೋಗಿಯ ಹಾಸಿಗೆಯ ಪಕ್ಕದಲ್ಲಿ ನೆನಪಿಡಲು ವೈದ್ಯಲೋಕಕ್ಕೆ ಬಹಳ ಕಾಲ ಬೇಕಾಯಿತು.

ಅಳತೆಯಿಲ್ಲದ ಶತಮಾನ

ಹೊಸ ಅನಿಲಗಳಿಂದ ರೋಗ ಗುಣಪಡಿಸಬಹುದೆಂಬ ಆಸೆಯಿಂದ ಥಾಮಸ್ ಬೆಡೋಸ್ ಎಂಬ ವೈದ್ಯ 1799ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಒಂದು ಅನಿಲ ಚಿಕಿತ್ಸಾಲಯವನ್ನು ತೆರೆದ. ಉಗಿಯಂತ್ರದ ಖ್ಯಾತಿಯ ಜೇಮ್ಸ್ ವ್ಯಾಟ್ ಉಪಕರಣಗಳನ್ನು ರಚಿಸಿಕೊಟ್ಟ. ಕ್ಷಯರೋಗದಿಂದ ಮಗಳನ್ನು ಕಳೆದುಕೊಂಡ ದುಃಖ ಆತನದು. ಇಪ್ಪತ್ತರ ಹರೆಯದ ಹಂಫ್ರಿ ಡೇವಿ ಅಲ್ಲಿ ಪ್ರಯೋಗಗಳನ್ನು ನೋಡಿಕೊಳ್ಳುತ್ತಿದ್ದ. ಆಶಯ ದೊಡ್ಡದಾಗಿತ್ತು, ಫಲ ದೊರೆಯಲಿಲ್ಲ. ಯಾವ ರೋಗಕ್ಕೆ, ಎಷ್ಟು, ಎಷ್ಟು ಹೊತ್ತು ಎಂಬ ಅಳತೆ ಯಾರಿಗೂ ತಿಳಿದಿರಲಿಲ್ಲ. ಮುಂದಿನ ನೂರು ವರ್ಷಗಳಲ್ಲಿ ಆಮ್ಲಜನಕವು ಕೆಲವರ ಕೈಯಲ್ಲಿ ಸರ್ವರೋಗನಿವಾರಕವೂ, ಇನ್ನು ಕೆಲವರ ದೃಷ್ಟಿಯಲ್ಲಿ ಬೂಟಾಟಿಕೆಯೂ ಆಗಿ ಉಳಿಯಿತು. ರೋಗಿಯ ಮುಖದ ಬಳಿ ಒಂದು ಆಲಿಕೆಯನ್ನು ಹಿಡಿದು ಅನಿಲವನ್ನು ಬಿಡುವುದು ರೂಢಿಯಾಗಿತ್ತು. ಹೆಚ್ಚಿನ ಪಾಲು ಕೋಣೆಯ ಗಾಳಿಗೆ ಸೇರಿಹೋಗುತ್ತಿತ್ತು.

ಈ ನಡುವೆ ಪ್ರೀಸ್ಟ್ಲಿಯ ಎರಡನೆಯ ಅನುಮಾನಕ್ಕೆ ಪುರಾವೆ ದೊರೆಯಿತು. ಹೆಚ್ಚಿನ ಒತ್ತಡದಲ್ಲಿ ಆಮ್ಲಜನಕವನ್ನು ಸೇವಿಸಿದ ಪ್ರಾಣಿಗಳಿಗೆ ಸೆಳವು ಬಂದು ಸಾಯುತ್ತವೆಂದು ಫ್ರಾನ್ಸಿನ ಪಾಲ್ ಬೆರ್ 1878ರ ತನ್ನ ಗ್ರಂಥದಲ್ಲಿ ವಿವರಿಸಿದ. ಬಹಳ ಹೊತ್ತು ಸೇವಿಸಿದರೆ ಶ್ವಾಸಕೋಶಗಳೇ ಉರಿಯೂತಕ್ಕೆ ಒಳಗಾಗುತ್ತವೆಂದು ಬ್ರಿಟನ್ನಿನ ಲೊರೇನ್ ಸ್ಮಿತ್ 1899ರಲ್ಲಿ ತೋರಿಸಿದ.

ಅಳತೆಯನ್ನು ತಂದವನು ಜಾನ್ ಸ್ಕಾಟ್ ಹಾಲ್ಡೇನ್. ಗಣಿಗಳ ವಿಷಗಾಳಿಯನ್ನು ಅಭ್ಯಾಸ ಮಾಡುತ್ತ ಬಂದ ವಿಜ್ಞಾನಿ ಈತ. ಭಾರತದ ಪೌರತ್ವವನ್ನು ಸ್ವೀಕರಿಸಿ 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದ ಜೆ.ಬಿ.ಎಸ್. ಹಾಲ್ಡೇನ್ ಈತನ ಮಗ. ತಂದೆ ಹಾಲ್ಡೇನ್ ಮತ್ತು ಜೆ.ಜಿ. ಪ್ರೀಸ್ಟ್ಲಿ (ಮೇಲೆ ಹೇಳಿದ ಪ್ರೀಸ್ಟ್ಲಿ ಬೇರೆ, ಈತ ಬೇರೆ) 1905ರಲ್ಲಿ ಒಂದು ಅಚ್ಚರಿಯ ಸಂಗತಿಯನ್ನು ಪ್ರಕಟಿಸಿದರು. ನಾವು ಕ್ಷಣಕ್ಷಣವೂ ಎಷ್ಟು ಉಸಿರಾಡಬೇಕೆಂಬುದನ್ನು ಸಾಮಾನ್ಯವಾಗಿ ತೀರ್ಮಾನಿಸುವುದು ಆಮ್ಲಜನಕದ ಕೊರತೆಯಲ್ಲ, ಇಂಗಾಲದ ಡೈಆಕ್ಸೈಡಿನ ಮಟ್ಟ! ಉಸಿರು ಬಿಗಿಹಿಡಿದಾಗ ಕೊನೆಗೆ ತಡೆಯಲಾಗದೆ ಬಿಟ್ಟುಬಿಡುತ್ತೇವಲ್ಲ, ಆ ಒತ್ತಾಯ ಬಹುಮಟ್ಟಿಗೆ ಅದರದೇ.

1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಬಳಿಯ ರಣರಂಗದಲ್ಲಿ ಜರ್ಮನ್ ಸೇನೆ ಕ್ಲೋರಿನ್ ವಿಷಾನಿಲವನ್ನು ಬಿಟ್ಟಿತು. ಶ್ವಾಸಕೋಶದಲ್ಲಿ ನೀರು ತುಂಬಿ ಸೈನಿಕರು ಒಣನೆಲದ ಮೇಲೆಯೇ ಮುಳುಗಿದವರಂತೆ ಒದ್ದಾಡಿದರು. ಅಂಥವರಿಗೆ ಅನಿಲ ವ್ಯರ್ಥವಾಗದಂತೆ, ನಿಮಿಷಕ್ಕೆ ಇಷ್ಟು ಲೀಟರ್ ಎಂದು ಅಳೆದು ಕೊಡಬಲ್ಲ, ಚೀಲವಿರುವ ಮುಖವಾಡವನ್ನು ಹಾಲ್ಡೇನ್ ರೂಪಿಸಿದ. 1917ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಅದರ ಕುರಿತು ಬರೆದ. ಇಂದು ಆಸ್ಪತ್ರೆಯ ಗೋಡೆಯ ಮೇಲೆ 'ನಿಮಿಷಕ್ಕೆ 2 ಲೀಟರ್', '5 ಲೀಟರ್' ಎಂದು ತೋರಿಸುವ ಗಾಜಿನ ಕೊಳವೆಯನ್ನು ಕಂಡಾಗ, ಅಳತೆಯ ಈ ಶಿಸ್ತು ಯುದ್ಧಭೂಮಿಯಿಂದ ಬಂದದ್ದೆಂದು ನೆನೆಯಬೇಕು.

ಕೋಪನ್‌ಹೇಗನ್, 1952

ಈಗ ಈ ಲೇಖನದ ಮುಖ್ಯ ಪ್ರಸಂಗಕ್ಕೆ ಬರುತ್ತೇನೆ.

ಡೆನ್ಮಾರ್ಕ್ ದೇಶದ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ 1952ರ ಬೇಸಿಗೆಯಲ್ಲಿ ಪೋಲಿಯೋ ಪಿಡುಗು ಭುಗಿಲೆದ್ದಿತು. ಆಗ ಪೋಲಿಯೋ ಲಸಿಕೆ ಇನ್ನೂ ಬಂದಿರಲಿಲ್ಲ. ಜುಲೈ ಅಂತ್ಯದಿಂದ ಡಿಸೆಂಬರ್ ಆರಂಭದವರೆಗೆ ಬ್ಲೆಗ್‌ಡಾಮ್ ಎಂಬ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗೆ 2,722 ಪೋಲಿಯೋ ರೋಗಿಗಳು ಬಂದರು. ಒಂದೊಂದು ದಿನ 50 ಮಂದಿಯವರೆಗೂ ದಾಖಲಾಗುತ್ತಿದ್ದರು. ಅವರಲ್ಲಿ 316 ಮಂದಿಗೆ ಉಸಿರಾಟ ಹಾಗೂ ನುಂಗುವಿಕೆಗಳು ಕೆಟ್ಟು ವಿಶೇಷ ಚಿಕಿತ್ಸೆ ಬೇಕಾಯಿತು. ಅನೇಕರು ಮಕ್ಕಳು.

ಪೋಲಿಯೋ ಶ್ವಾಸಕೋಶವನ್ನು ಕೆಡಿಸುವ ರೋಗವಲ್ಲ. ಅದು ನರಗಳನ್ನು ಹೊಡೆಯುತ್ತದೆ. ವಪೆ ಮತ್ತು ಪಕ್ಕೆಲುಬಿನ ಸ್ನಾಯುಗಳು ಸೋತಾಗ, ತಿದಿ ಚೆನ್ನಾಗಿದ್ದರೂ ಒತ್ತುವ ಕೈ ಇಲ್ಲದ ಕುಲುಮೆಯಂತೆ ದೇಹ ನಿಂತುಬಿಡುತ್ತದೆ. ಗಂಟಲಿನ ಸ್ನಾಯುಗಳೂ ಸೋತರೆ ಎಂಜಲು ಶ್ವಾಸನಾಳಕ್ಕೆ ಇಳಿಯುತ್ತದೆ. ಅಮೆರಿಕದ ಬಾಸ್ಟನ್ನಿನಲ್ಲಿ 1928ರಲ್ಲಿ ಬಳಕೆಗೆ ಬಂದ 'ಕಬ್ಬಿಣದ ಶ್ವಾಸಕೋಶ'ವೆಂಬ ದೊಡ್ಡ ಪೆಟ್ಟಿಗೆ ಅದುವರೆಗಿನ ಉಪಾಯ. ರೋಗಿಯ ತಲೆಯನ್ನು ಹೊರಗಿಟ್ಟು, ಮೈಯೆಲ್ಲವನ್ನೂ ಪೆಟ್ಟಿಗೆಯೊಳಗೆ ಮಲಗಿಸಿ, ಒಳಗಿನ ಗಾಳಿಯ ಒತ್ತಡವನ್ನು ಇಳಿಸಿದಾಗ ಎದೆ ತಾನಾಗಿ ಹಿಗ್ಗುತ್ತದೆ. ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿ ಅಂಥ ಪೆಟ್ಟಿಗೆ ಇದ್ದುದು ಒಂದೇ ಒಂದು. ಎದೆಗೆ ಮಾತ್ರ ಕವಚದಂತೆ ಕಟ್ಟುವ ಚಿಕ್ಕ ಯಂತ್ರಗಳು ಆರು. ಮೊದಲ ಮೂರು ವಾರಗಳಲ್ಲಿ ಇವುಗಳ ನೆರವು ಪಡೆದ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು.

ವೈದ್ಯರನ್ನು ಕಂಗೆಡಿಸಿದ ಸಂಗತಿ ಇನ್ನೊಂದಿತ್ತು. ಆಮ್ಲಜನಕ ಕೊಟ್ಟ ಮೇಲೆ ಹಲವು ರೋಗಿಗಳ ಚರ್ಮದ ನೀಲಿ ಬಣ್ಣ ಹೋಗುತ್ತಿತ್ತು. ನೋಡಲು ಕೆಂಪಗಿರುತ್ತಿದ್ದರು. ಆದರೂ ಬೆವರು, ಏರಿದ ರಕ್ತದೊತ್ತಡ, ಮಂಪರು, ಆಮೇಲೆ ಸಾವು. ರಕ್ತಪರೀಕ್ಷೆಯಲ್ಲಿ ಇಂಗಾಲದ ಡೈಆಕ್ಸೈಡಿನ ಒಟ್ಟು ಪ್ರಮಾಣ ಬಹಳ ಹೆಚ್ಚಾಗಿ ಕಾಣುತ್ತಿತ್ತು. ಅಂದಿನ ತಿಳಿವಳಿಕೆಯಂತೆ ಅದನ್ನು ರಕ್ತದ ಕ್ಷಾರಗುಣದ ಹೆಚ್ಚಳವೆಂದು ಅರ್ಥೈಸಲಾಗಿತ್ತು. ಇದು ರೋಗದ್ದೇ ಒಂದು ವಿಚಿತ್ರ, ವೈರಾಣು ಮೆದುಳನ್ನು ಹೊಕ್ಕಿದೆ, ಇನ್ನು ಮಾಡುವುದೇನೂ ಇಲ್ಲ ಎಂಬ ನಿರಾಶೆ ಆವರಿಸಿತ್ತು.

ಆಸ್ಪತ್ರೆಯ ಮುಖ್ಯಸ್ಥ ಪ್ರೊಫೆಸರ್ ಲಾಸೆನ್ ಒಂದು ದೊಡ್ಡ ಮನಸ್ಸಿನ ಕೆಲಸ ಮಾಡಿದರು. ಸಹೋದ್ಯೋಗಿ ವೈದ್ಯರೊಬ್ಬರ ಸಲಹೆಯಂತೆ, ತಮ್ಮ ವಿಭಾಗಕ್ಕೆ ಸಂಬಂಧವೇ ಇಲ್ಲದ ಒಬ್ಬ ಅರಿವಳಿಕೆ ತಜ್ಞನನ್ನು ಕರೆಸಿದರು. ಅವರೇ 36ರ ಹರೆಯದ ಬ್ಯೋರ್ನ್ ಇಬ್ಸೆನ್. ಶಸ್ತ್ರಚಿಕಿತ್ಸೆಯ ಕೊಠಡಿಯ ಹೊರಗೆ ಅರಿವಳಿಕೆ ವೈದ್ಯರಿಗೆ ಆಗ ಕೆಲಸವೇ ಇರಲಿಲ್ಲವೆನ್ನಬಹುದು. ಆದರೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಉಸಿರು ನಿಂತವರಿಗೆ ಚೀಲವನ್ನು ಹಿಸುಕಿ ಉಸಿರು ಕೊಡುವುದು ಅವರಿಗೆ ದಿನನಿತ್ಯದ ಅಭ್ಯಾಸ. ಇಬ್ಸೆನ್ ಶವಪರೀಕ್ಷೆಗಳ ವಿವರವನ್ನು ನೋಡಿದರು. ಶ್ವಾಸಕೋಶಗಳು ಸಾಯುವಷ್ಟು ಕೆಟ್ಟಿರಲಿಲ್ಲ. ಹಾಗಾದರೆ ಇವರು ಸಾಯುತ್ತಿರುವುದು ಮೆದುಳಿನ ಸೋಂಕಿನಿಂದಲ್ಲ. ಸಾಕಷ್ಟು ಉಸಿರಾಡದೆ ಒಳಗೆ ತುಂಬಿಕೊಂಡ ಇಂಗಾಲದ ಡೈಆಕ್ಸೈಡಿನಿಂದ ಎಂದು ಅವರು ತರ್ಕಿಸಿದರು. ಆಮ್ಲಜನಕ ಬಣ್ಣವನ್ನು ಸರಿಪಡಿಸಿತ್ತು. ಹೊರಹೋಗಬೇಕಾದುದು ಹೊರಹೋಗಿರಲಿಲ್ಲ.

1952ರ ಆಗಸ್ಟ್ 27ರಂದು ಅವರು ಇದನ್ನು ತೋರಿಸಬೇಕಾಯಿತು. ರೋಗಿ 12 ವರ್ಷದ ಹುಡುಗಿ. ಕೈಕಾಲುಗಳು ನಾಲ್ಕೂ ಸೋತಿದ್ದವು. ಎಂಜಲಿನಲ್ಲಿ ಉಸಿರು ಕಟ್ಟುತ್ತಿತ್ತು. ಕುತ್ತಿಗೆಯಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ರಬ್ಬರಿನ ಕೊಳವೆಯನ್ನು ಇಳಿಸಲಾಯಿತು. ಅದರ ಸುತ್ತ ಊದಿಸಬಹುದಾದ ಪಟ್ಟಿಯಿದ್ದುದರಿಂದ ಎಂಜಲು ಕೆಳಗಿಳಿಯುವಂತಿರಲಿಲ್ಲ. ಆದರೆ ಹುಡುಗಿ ಗಾಬರಿಯಿಂದ ಒದ್ದಾಡಿದಳು, ಶ್ವಾಸನಾಳಗಳು ಬಿಗಿದುಕೊಂಡವು, ಚೀಲವನ್ನು ಎಷ್ಟು ಹಿಸುಕಿದರೂ ಗಾಳಿ ಒಳಹೋಗಲಿಲ್ಲ. ನೋಡಲು ಬಂದಿದ್ದ ವೈದ್ಯರು ಇದು ಮುಗಿದ ಕಥೆಯೆಂದು ಒಬ್ಬೊಬ್ಬರಾಗಿ ಹೊರನಡೆದರು. ಆಗ ಇಬ್ಸೆನ್ ಅವಳಿಗೆ ನಿದ್ರೆಯ ಔಷಧವನ್ನು ಚುಚ್ಚಿದರು. ಅವಳ ಸ್ವಂತ ಉಸಿರು ನಿಂತಿತು, ಮೈ ಸಡಿಲವಾಯಿತು. ಈಗ ಚೀಲದ ಗಾಳಿ ಸರಾಗವಾಗಿ ಎದೆಯನ್ನು ಹಿಗ್ಗಿಸಿತು, ಸರಾಗವಾಗಿ ಹೊರಬಂದಿತು. ಸ್ವಲ್ಪ ಹೊತ್ತಿನಲ್ಲಿ ಚರ್ಮ ಒಣಗಿ, ಬೆಚ್ಚಗಾಗಿ, ರಕ್ತದೊತ್ತಡ ಹದಕ್ಕೆ ಬಂದಿತು. ಆ ಹುಡುಗಿ 1971ರವರೆಗೆ ಬದುಕಿದಳು.

ಪ್ರಯೋಗಶಾಲೆಯ ಮುಖ್ಯಸ್ಥ ಪೌಲ್ ಆಸ್ಟ್ರುಪ್ ರಕ್ತದ ಆಮ್ಲೀಯತೆಯನ್ನು ಅಳೆಯುವ ಉಪಕರಣದಿಂದ ನೇರವಾಗಿ ಅಳೆದಾಗ ಇಬ್ಸೆನ್ ಹೇಳಿದ್ದೇ ನಿಜವಾಯಿತು. ರಕ್ತ ಕ್ಷಾರವಾಗಿರಲಿಲ್ಲ, ಆಮ್ಲವಾಗಿತ್ತು! ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿದರೆ ಕಾರ್ಬಾನಿಕ್ ಆಮ್ಲವಾಗುತ್ತದೆಂದು ನೀವು ಓದಿದ್ದೀರಿ. ಲವಾಸಿಯೆ 'ಆಮ್ಲಜನಕ' ಎಂಬ ಹೆಸರನ್ನು ಒಂದು ಅನಿಲಕ್ಕೆ ಕೊಟ್ಟ. ರೋಗಿಯ ರಕ್ತದಲ್ಲಿ ಆಮ್ಲವನ್ನು ಹುಟ್ಟಿಸುತ್ತಿದ್ದುದು ಇನ್ನೊಂದು ಅನಿಲ.

ಉಪಾಯ ತಿಳಿಯಿತು, ಯಂತ್ರಗಳಿಲ್ಲ. ಒಂದೇ ಕಾಲಕ್ಕೆ 70 ರೋಗಿಗಳಿಗೆ ಹಗಲೂ ರಾತ್ರಿ ಚೀಲ ಹಿಸುಕಿ ಉಸಿರು ಕೊಡಬೇಕಾದ ಪರಿಸ್ಥಿತಿ. ಆಗ ಮುಂದೆ ಬಂದವರು ವಿದ್ಯಾರ್ಥಿಗಳು. ಸುಮಾರು 1,500 ಮಂದಿ ವೈದ್ಯ ಹಾಗೂ ದಂತವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಬಂದು ಹಾಸಿಗೆಯ ಪಕ್ಕ ಕುಳಿತು, ಒಟ್ಟು 1,65,000 ಗಂಟೆಗಳ ಕಾಲ ತಮ್ಮ ಕೈಗಳಿಂದ ಇನ್ನೊಬ್ಬರ ಉಸಿರಾಡಿದರು. ರೋಗ ಅಂಟಬಹುದೆಂಬುದು ಅವರಿಗೆ ತಿಳಿದೇ ಇತ್ತು. ತಾವು ಉಸಿರು ಕೊಡುತ್ತಿದ್ದ ಮಗು ತಮ್ಮ ಕೈಯಲ್ಲಿಯೇ ತೀರಿಕೊಂಡುದನ್ನೂ ಅವರಲ್ಲಿ ಕೆಲವರು ಕಂಡರು. ಆದರೂ ನೂರಕ್ಕೆ ಸುಮಾರು 90ರಷ್ಟಿದ್ದ ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿಯಿತು. ಮಾರನೆಯ ವರ್ಷದ ಡಿಸೆಂಬರಿನಲ್ಲಿ ಇಬ್ಸೆನ್ ಕೋಪನ್‌ಹೇಗನ್ನಿನ ನಗರ ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗಾಗಿಯೇ ಪ್ರತ್ಯೇಕ ವಿಭಾಗ ತೆರೆದರು. ಇಂದು ನಾವು ಐ.ಸಿ.ಯು. ಎನ್ನುವ ತೀವ್ರ ನಿಗಾ ಘಟಕಗಳ ವಂಶವೃಕ್ಷ ಅಲ್ಲಿಂದ ಆರಂಭವಾಗುತ್ತದೆ.

ಹೆಚ್ಚಾದಾಗ, ಕಡಿಮೆಯಾದಾಗ

ಇದೇ ಕಾಲದಲ್ಲಿ ಆಮ್ಲಜನಕದ ಇನ್ನೊಂದು ಮುಖವೂ ಬೆಳಕಿಗೆ ಬಂದಿತು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳನ್ನು ಕಾಪಾಡಲು ಪಶ್ಚಿಮ ದೇಶಗಳ ಒಳ್ಳೆಯ ಆಸ್ಪತ್ರೆಗಳು ಗಾಜಿನ ಪೆಟ್ಟಿಗೆಗಳಲ್ಲಿ ಧಾರಾಳವಾಗಿ ಆಮ್ಲಜನಕ ತುಂಬುತ್ತಿದ್ದವು. ಬದುಕಿದ ಮಕ್ಕಳಲ್ಲಿ ಹಲವರು ಕುರುಡರಾದರು. ಬಾಸ್ಟನ್ನಿನಲ್ಲಿ 1942ರಲ್ಲಿ ಮೊದಲು ವರ್ಣಿಸಲಾದ ಈ ಕಾಯಿಲೆಗೂ ಆಮ್ಲಜನಕಕ್ಕೂ ಸಂಬಂಧವಿದೆಯೆಂದು 1951ರಲ್ಲಿ ಬೆರಳು ಮಾಡಿ ತೋರಿಸಿದವರು ಆಸ್ಟ್ರೇಲಿಯದ ಮೆಲ್ಬರ್ನಿನ ವೈದ್ಯೆ ಕೇಟ್ ಕ್ಯಾಂಪ್‌ಬೆಲ್. ಅಮೆರಿಕದ 18 ಆಸ್ಪತ್ರೆಗಳು 1953-54ರಲ್ಲಿ ಒಟ್ಟಾಗಿ ನಡೆಸಿದ ಪರೀಕ್ಷೆ ಅದನ್ನು ಖಚಿತಪಡಿಸಿತು. ಅಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ದೃಷ್ಟಿ ಕಳೆದುಕೊಂಡಿದ್ದರು.

ಆಮೇಲೆ ಏನಾಯಿತು? ಲೋಲಕ ಇನ್ನೊಂದು ತುದಿಗೆ ಹೋಯಿತು. ಹೆದರಿದ ಆಸ್ಪತ್ರೆಗಳು ಎಲ್ಲ ಶಿಶುಗಳಿಗೂ ಆಮ್ಲಜನಕವನ್ನು ಕಟ್ಟುನಿಟ್ಟಾಗಿ ಕಡಿತ ಮಾಡಿದವು. ಕುರುಡುತನ ಇಳಿಯಿತು, ಸಾವು ಏರಿತು. ದೃಷ್ಟಿ ಉಳಿದ ಪ್ರತಿಯೊಂದು ಮಗುವಿಗೆ ಪ್ರತಿಯಾಗಿ ಸುಮಾರು 16 ಶಿಶುಗಳು ಸತ್ತಿರಬಹುದೆಂದು ಬ್ರಿಟನ್ನಿನ ಕೆನೆತ್ ಕ್ರಾಸ್ 1973ರಲ್ಲಿ ಲೆಕ್ಕ ಹಾಕಿದರು. ಎರಡೂ ಕಾಲದಲ್ಲಿ ಕೊಟ್ಟವರ ಉದ್ದೇಶ ಒಳ್ಳೆಯದೇ ಆಗಿತ್ತು. ಕೊರತೆಯಿದ್ದುದು ಆಯಾ ಮಗುವಿನ ರಕ್ತವನ್ನು ನೋಡಿ ಅಳೆದು ಕೊಡುವ ಸಾಧನಕ್ಕೆ.

ಒಲೆಯ ಹೊಗೆ ಮತ್ತು ಮಂಪರು

ನಮ್ಮ ಮನೆಗಳಿಗೆ ಹತ್ತಿರವಾದ ಕಾಯಿಲೆ ಇನ್ನೊಂದಿದೆ. ಬೀಡಿ ಸಿಗರೇಟುಗಳಿಂದ, ಹಾಗೆಯೇ ದಶಕಗಳ ಕಾಲ ಸೌದೆ ಒಲೆಯ ಮುಂದೆ ಕುಳಿತು ಊದುಗೊಳವೆ ಊದಿದ ನಮ್ಮ ತಾಯಂದಿರಿಗೆ ಹೊಗೆಯಿಂದ, ಶ್ವಾಸನಾಳಗಳು ನಿಧಾನವಾಗಿ ಕಿರಿದಾಗುವ ಕಾಯಿಲೆ. ವೈದ್ಯರು ಇದನ್ನು ಸಿ.ಒ.ಪಿ.ಡಿ. ಎನ್ನುತ್ತಾರೆ. ಇವರಲ್ಲಿ ಗಾಳಿ ಒಳಹೋಗುವುದಕ್ಕಿಂತ ಹೊರಬರುವುದು ಕಷ್ಟ. ಹೀಗಾಗಿ ಕೆಲವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಯಾವಾಗಲೂ ಹೆಚ್ಚಾಗಿಯೇ ಇರುತ್ತದೆ.

ವೈದ್ಯರು ಶ್ವಾಸವೈಫಲ್ಯವನ್ನು ಎರಡು ಬಗೆಯಾಗಿ ವಿಂಗಡಿಸುವುದು ಇದೇ ಕಾರಣದಿಂದ. ಮೊದಲನೆಯದರಲ್ಲಿ ರಕ್ತದ ಆಮ್ಲಜನಕ ಮಾತ್ರ ಕುಸಿಯುತ್ತದೆ. ನ್ಯುಮೋನಿಯ, ಕೋವಿಡ್‌ಗಳಲ್ಲಿ ಸಾಮಾನ್ಯವಾಗಿ ಆರಂಭದಲ್ಲಿ ಆಗುವುದು ಹೀಗೆ. ಎರಡನೆಯದರಲ್ಲಿ ಆಮ್ಲಜನಕ ಕುಸಿಯುವುದರ ಜೊತೆಗೆ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಕೋಪನ್‌ಹೇಗನ್ನಿನ ಮಕ್ಕಳದು ಎರಡನೆಯ ಬಗೆ. ಮೊದಲನೆಯದಕ್ಕೆ ಆಮ್ಲಜನಕ ದೊಡ್ಡ ಆಸರೆ. ಎರಡನೆಯದಕ್ಕೆ ಅದೊಂದೇ ಸಾಲದು. ಅಳತೆ ಮೀರಿದರೆ ಹಾನಿಯೂ ಆಗಬಹುದು.

ಹಾನಿ ಏಕೆ? ರೋಗಪೀಡಿತ ಶ್ವಾಸಕೋಶವು ಕೆಟ್ಟ ಭಾಗಗಳಿಗೆ ರಕ್ತವನ್ನು ಕಡಿಮೆ ಮಾಡಿ, ಚೆನ್ನಾಗಿರುವ ಭಾಗಗಳಿಗೆ ಹೆಚ್ಚು ಕಳುಹಿಸುವ ಏರ್ಪಾಟನ್ನು ಮಾಡಿಕೊಂಡಿರುತ್ತದೆ. ಅತಿಯಾದ ಆಮ್ಲಜನಕ ಆ ಏರ್ಪಾಟನ್ನು ಕದಡುತ್ತದೆ. ಆಮ್ಲಜನಕ ತುಂಬಿಕೊಂಡ ಹಿಮೋಗ್ಲೋಬಿನ್ ಇಂಗಾಲದ ಡೈಆಕ್ಸೈಡನ್ನು ಹೊರುವುದು ಕಡಿಮೆ. ಇದಕ್ಕೆ ಹಾಲ್ಡೇನ್ ಪರಿಣಾಮವೆಂದೇ ಹೆಸರು. ಉಸಿರಾಟದ ಒತ್ತಾಯವೂ ಸ್ವಲ್ಪ ತಗ್ಗುತ್ತದೆ. ಎಲ್ಲ ಸೇರಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ತಲೆನೋವು, ಗೊಂದಲ, ಮಂಪರು ಬರುತ್ತವೆ. ಇದನ್ನರಿತ ಬ್ರಿಟನ್ನಿನ ಮೊರಾನ್ ಕ್ಯಾಂಪ್‌ಬೆಲ್ 1960ರಲ್ಲಿ ಗಾಳಿಯೊಂದಿಗೆ ಗೊತ್ತಾದ ಪ್ರಮಾಣದಲ್ಲಿ ಆಮ್ಲಜನಕವನ್ನು ಬೆರೆಸಿ ಕೊಡುವ ಮುಖವಾಡವನ್ನು ಬಳಕೆಗೆ ತಂದರು. ನೂರಕ್ಕೆ 24, 28 ಎಂಬಂಥ ಸಣ್ಣ ಪ್ರಮಾಣಗಳು. ಗಾಳಿಯಲ್ಲಿಯೇ 21 ಇದೆಯಲ್ಲ, ಮೂರು ಹೆಚ್ಚಾದರೆ ಏನು ಮಹಾ ಎನ್ನಬೇಡಿ. ಆ ರೋಗಿಗೆ ಅದೇ ಸಾಕಾದೀತು.

ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿ ಆಂಬುಲೆನ್ಸ್‌ಗಳಲ್ಲಿ ಏದುಸಿರಿನ ರೋಗಿಗಳಿಗೆ ಧಾರಾಳವಾಗಿ ಆಮ್ಲಜನಕ ಕೊಡುವುದನ್ನೂ, ಅಳೆದು ಕೊಡುವುದನ್ನೂ ಹೋಲಿಸಿ ನೋಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅಳೆದು ಕೊಟ್ಟಲ್ಲಿ ಸಾವು ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ಇಂದು ಬ್ರಿಟನ್ನಿನ ತಜ್ಞರ ಮಾರ್ಗಸೂಚಿಯ ಪ್ರಕಾರ ಬಹುಪಾಲು ತೀವ್ರ ರೋಗಿಗಳಿಗೆ ಗುರಿ ನೂರಕ್ಕೆ 94ರಿಂದ 98; ಇಂಗಾಲದ ಡೈಆಕ್ಸೈಡ್ ಏರುವ ಅಪಾಯವಿರುವವರಿಗೆ 88ರಿಂದ 92. ಹಾಗೆಂದು ಹೆದರಿ ಆಮ್ಲಜನಕವನ್ನೇ ನಿಲ್ಲಿಸುವುದು ಇನ್ನೂ ದೊಡ್ಡ ಅನಾಹುತ. ಆಮ್ಲಜನಕವಿಲ್ಲದೆ ಮೆದುಳು ಕೆಲವೇ ನಿಮಿಷಗಳಲ್ಲಿ ಕೆಡುತ್ತದೆ. ರಕ್ತದ ಆಮ್ಲಜನಕ ಸದಾ ಬಹಳ ಕಡಿಮೆಯಿರುವ ಸಿ.ಒ.ಪಿ.ಡಿ. ರೋಗಿಗಳು ಮನೆಯಲ್ಲಿ ದಿನಕ್ಕೆ 15 ಗಂಟೆ ಅಥವಾ ಹೆಚ್ಚು ಹೊತ್ತು ಅಳತೆಯ ಆಮ್ಲಜನಕ ಪಡೆದರೆ ಹೆಚ್ಚು ಕಾಲ ಬದುಕುತ್ತಾರೆಂದು ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ 1980 ಹಾಗೂ 1981ರಲ್ಲಿ ಪ್ರಕಟವಾದ ಪರೀಕ್ಷೆಗಳು ತೋರಿಸಿವೆ.

ನಾವು ಕಂಡ 2021

ಅಳತೆಯ ಮಾತು ಒಂದೆಡೆಯಿರಲಿ, ಅನಿಲವೇ ಇಲ್ಲವಾದರೆ ಏನು ಗತಿ ಎಂಬುದನ್ನು 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ನಾವೆಲ್ಲ ಕಂಡೆವು. ದೊಡ್ಡ ಸಿಲಿಂಡರೊಂದರಲ್ಲಿ ಸುಮಾರು 7,000 ಲೀಟರ್ ಆಮ್ಲಜನಕವಿರುತ್ತದೆ. ನಿಮಿಷಕ್ಕೆ 10 ಲೀಟರ್ ಬೇಕಾದ ರೋಗಿಗೆ ಅದು 700 ನಿಮಿಷ, ಎಂದರೆ ಹನ್ನೆರಡು ಗಂಟೆಯೂ ಸಾಲದು. ಹಾಸಿಗೆಗಳ ಸಂಖ್ಯೆಯಿಂದ ಗುಣಿಸಿ ನೋಡಿ. ಆದುದರಿಂದಲೇ ದೊಡ್ಡ ಆಸ್ಪತ್ರೆಗಳು ದ್ರವರೂಪದ ಆಮ್ಲಜನಕವನ್ನು ಅವಲಂಬಿಸುತ್ತವೆ. ಜರ್ಮನಿಯ ಕಾರ್ಲ್ ಲಿಂಡೆ 1895ರಲ್ಲಿ ಗಾಳಿಯನ್ನು ದೊಡ್ಡ ಪ್ರಮಾಣದಲ್ಲಿ ದ್ರವವಾಗಿಸುವ ವಿಧಾನ ಕಂಡುಹಿಡಿದ ಮೇಲೆ ಇದು ಸಾಧ್ಯವಾಯಿತು. ಒಂದು ಲೀಟರ್ ದ್ರವ ಸುಮಾರು 860 ಲೀಟರ್ ಅನಿಲವಾಗುತ್ತದೆ. ಆದರೆ ಅದನ್ನು ಶೂನ್ಯಕ್ಕಿಂತ 183 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೀತದಲ್ಲಿ ಇಡಬಲ್ಲ ವಿಶೇಷ ಟ್ಯಾಂಕರುಗಳು ಬೇಕು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ಕಡೆಗಳಿಂದ ಆಸ್ಪತ್ರೆಗಳಿಗೆ ದ್ರವ ಆಮ್ಲಜನಕ ಹರಿದುಬಂದಿತು. ಆದರೂ ಸಾಲಲಿಲ್ಲ. ಕರ್ನಾಟಕಕ್ಕೆ ದಿನಕ್ಕೆ 1,200 ಟನ್ ಒದಗಿಸಬೇಕೆಂದು ರಾಜ್ಯದ ಉಚ್ಚ ನ್ಯಾಯಾಲಯ ಮೇ 5ರಂದು ಕೇಂದ್ರಕ್ಕೆ ಆದೇಶಿಸಿತು. ಸರ್ವೋಚ್ಚ ನ್ಯಾಯಾಲಯ ಎರಡು ದಿನಗಳ ನಂತರ ಅದರಲ್ಲಿ ಮಧ್ಯಪ್ರವೇಶಿಸಲು ನಿರಾಕರಿಸಿತು. ಉಸಿರಿನ ಪ್ರಮಾಣವು ನ್ಯಾಯಾಲಯದ ಆದೇಶದಲ್ಲಿ ಟನ್ನುಗಳ ಲೆಕ್ಕದಲ್ಲಿ ಬರೆಯಲ್ಪಟ್ಟ ದಿನಗಳವು. ಆ ದಿನಗಳಲ್ಲಿ ಆಪ್ತರನ್ನು ಕಳೆದುಕೊಂಡವರು ಈ ಲೇಖನವನ್ನು ಓದುವವರಲ್ಲಿಯೂ ಇದ್ದೀರಿ. ಆ ಕೊರತೆಯ ನೆನಪಿನಿಂದಲೇ ಇಂದು 'ಹೆಚ್ಚಿಗೆ ಇರಲಿ' ಎಂದು ಕೈ ಗುಂಡಿಯ ಕಡೆಗೆ ಹೋಗುತ್ತದೆ. ಇದು ನನಗೆ ಅರ್ಥವಾಗುತ್ತದೆ.

ಯಂತ್ರ ತೋರಿಸದ ಅರ್ಧ

ಈಗ ಆರಂಭದ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬಹುದು. ಆಕ್ಸಿಮೀಟರಿನ ತತ್ತ್ವವನ್ನು 1974ರಲ್ಲಿ ಜಪಾನಿನ ಟಕುವೊ ಅಯೊಯಾಗಿ ರೂಪಿಸಿದರು. ಅದು ಬೆರಳಿನ ಮೂಲಕ ಬೆಳಕನ್ನು ಹಾಯಿಸಿ, ಹಿಮೋಗ್ಲೋಬಿನ್ ನೂರಕ್ಕೆ ಎಷ್ಟು ಭಾಗ ಆಮ್ಲಜನಕ ಹೊತ್ತಿದೆ ಎಂದು ಹೇಳುತ್ತದೆ. ಬಹು ಉಪಕಾರಿಯಾದ ಸಾಧನ. ಕಪ್ಪು ಚರ್ಮದವರಲ್ಲಿ ಅದು ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆಂದು 2020ರ ಅಮೆರಿಕದ ಅಧ್ಯಯನವೊಂದು ಎಚ್ಚರಿಸಿದೆ. ಇದು ನಮ್ಮವರೂ ಗಮನಿಸಬೇಕಾದ ಮಾತು. ಆದರೆ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ಅದು ಹೇಳಲಾರದು. ಅಜ್ಜಿಯ ಬೆರಳಿನಲ್ಲಿ 97 ಕಾಣುತ್ತಿದ್ದು ಅವರು ಮಂಪರಿನಲ್ಲಿದ್ದರೆ, 1952ರ ಆ ಕೆಂಪಗೆ ಕಾಣುತ್ತಿದ್ದ ಮಕ್ಕಳನ್ನು ನೆನೆಸಿಕೊಳ್ಳಿ. ಅದು ನೆಮ್ಮದಿಯ ನಿದ್ರೆಯೆಂದು ಭಾವಿಸದೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ರಕ್ತನಾಳದ ರಕ್ತವನ್ನು ಪರೀಕ್ಷಿಸಿ ಎರಡೂ ಅನಿಲಗಳನ್ನು ಅಳೆಯುತ್ತಾರೆ.

ಮನೆಯಲ್ಲಿ ಯಂತ್ರವಿರುವವರು ಮೂರು ಸಂಗತಿಗಳನ್ನು ವೈದ್ಯರಿಂದ ಕಾಗದದ ಮೇಲೆ ಬರೆಸಿಕೊಳ್ಳಿ: ನಿಮಿಷಕ್ಕೆ ಎಷ್ಟು ಲೀಟರ್, ದಿನಕ್ಕೆ ಎಷ್ಟು ಗಂಟೆ, ಆಕ್ಸಿಮೀಟರಿನಲ್ಲಿ ಎಷ್ಟರಿಂದ ಎಷ್ಟರವರೆಗೆ ಇರಬೇಕು. ಆ ಕಾಗದವನ್ನು ಯಂತ್ರದ ಮೇಲೆಯೇ ಅಂಟಿಸಿ. ಮನೆಯಲ್ಲಿ ಬೇರೊಬ್ಬರಿಗೆ ಬರೆದ ಅಳತೆ ಇವರಿಗೆ ಸಲ್ಲದು. ಬೆಳಗಿನ ತಲೆನೋವು, ಮಾತಿನಲ್ಲಿ ಗೊಂದಲ, ಹಗಲುನಿದ್ರೆ ಕಂಡರೆ ತಿಳಿಸಿ. ಆ ಕೋಣೆಯಲ್ಲಿ ಬೀಡಿ, ಊದುಬತ್ತಿ, ದೇವರ ದೀಪ ಯಾವುದೂ ಬೇಡ. ಪ್ರೀಸ್ಟ್ಲಿಯ ಮೇಣದ ಬತ್ತಿ ಹೇಗೆ ಪ್ರಜ್ವಲಿಸಿತೆಂಬುದು ನಿಮಗೆ ಗೊತ್ತಿದೆ. ಏದುಸಿರು ಹೆಚ್ಚಾದರೆ ಮೊದಲು ವೈದ್ಯರಿಗೆ ಕರೆಮಾಡಿ, ಅವರು ಹೇಳಿದಷ್ಟು ತಿರುಗಿಸಿ.

ಕೋಪನ್‌ಹೇಗನ್ನಿನ ಆ ವಿದ್ಯಾರ್ಥಿಗಳಿಗೆ ಕಲಿಯಬೇಕಾಗಿದ್ದ ಕೆಲಸ ಬಹಳ ಸರಳವಾದುದು: ಚೀಲವನ್ನು ಹಿಸುಕುವುದು, ಬಿಡುವುದು. ಹಿಸುಕುವುದು ಎಲ್ಲರಿಗೂ ತಾನಾಗಿ ಬರುತ್ತದೆ. ಎದೆ ಪೂರ್ತಿ ಇಳಿಯುವವರೆಗೆ ಬಿಟ್ಟು ಕಾಯುವುದಕ್ಕೆ ತಾಳ್ಮೆ ಬೇಕು. ನಮ್ಮ ಹಿರಿಯರ ಹಾಸಿಗೆಯ ಪಕ್ಕ ಕುಳಿತಾಗ ಆ ತಾಳ್ಮೆ ನಿಮಗೂ ಇರಲಿ.